ನಮ್ಮ ಸ್ಟೇಜಿನ ಬೋಡಾ ಹುಡುಗ ಕರೆಂಟ್ ಬೈಕ್ ತಗೊಳ್ಳಬೇಕಾ, ಬೇಡ್ವಾ? (ನೈರೋಬಿ)

ರಾಘು_ನೈರೋಬಿ
ಎಲ್ಲರಿಗೂ ನಮಸ್ಕಾರ. ನೈರೋಬಿಗೆ ಬಂದು ಆರು ವರ್ಷ ಆಯಿತು, ಮನೆ ಪಾರ್ಕ್‌ಲ್ಯಾಂಡ್ಸ್‌ನಲ್ಲಿ. ಕಾರು ಇದೆ, ಆದರೆ ಇಲ್ಲಿನ ಟ್ರಾಫಿಕ್‌ಗೆ ಹೆದರಿ ಬೋಡಾ ಬೋಡಾದಲ್ಲೇ ಜಾಸ್ತಿ ಓಡಾಡುತ್ತೇನೆ. ಗೊತ್ತಿಲ್ಲದವರಿಗೆ: ಬೋಡಾ ಅಂದರೆ ಬೈಕ್ ಟ್ಯಾಕ್ಸಿ. ಅವರ ಸ್ಟ್ಯಾಂಡಿಗೆ ಸ್ಟೇಜ್ ಅನ್ನುತ್ತಾರೆ.

ನಮ್ಮ ಬೀದಿ ಮೂಲೆಯ ಸ್ಟೇಜಿನಲ್ಲಿ ಒಬ್ಬ ಹುಡುಗ ಇದ್ದಾನೆ. ನಾಲ್ಕು ವರ್ಷದಿಂದ ಪರಿಚಯ. ಹಳೇ ಬಜಾಜ್ ಬಾಕ್ಸರ್ ಬೈಕು, ಅದರ ಸಾಲ ತೀರಿ ಒಂದು ವರ್ಷ ಆಗಿದೆ. ದಿನಕ್ಕೆ ಮೂರು ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 180 ಶಿಲ್ಲಿಂಗ್ ಆಸುಪಾಸು, ಅಂದರೆ ದಿನಕ್ಕೆ 540. ಮೊನ್ನೆ ಒಂದು ಕಂಪನಿಯವರು ಸ್ಟೇಜಿಗೇ ಬಂದು, ಹಳೇ ಗಾಡಿ ಕೊಡು, ಸ್ವಲ್ಪ ದುಡ್ಡು ಮುಂಗಡ ಕಟ್ಟು, ಎಲೆಕ್ಟ್ರಿಕ್ ಬೈಕ್ ಒಯ್ಯಿ ಅಂದರಂತೆ. ದಿನದ ಕಂತು ಎಂ-ಪೆಸಾದಲ್ಲಿ, ಅಂದರೆ ಮೊಬೈಲಿನಲ್ಲೇ ದುಡ್ಡು ಕಳಿಸುವುದು. ಬ್ಯಾಟರಿ ಮಾತ್ರ ಕಂಪನಿಯದು. ಖಾಲಿ ಆದರೆ ಅವರ ಸ್ಟೇಷನ್‌ಗೆ ಹೋಗಿ ತುಂಬಿದ್ದನ್ನು ಬದಲಾಯಿಸಿಕೊಳ್ಳಬೇಕು.

ಅವನು ನನ್ನನ್ನು ಕೇಳುತ್ತಿದ್ದಾನೆ. ನಾನು ಇಂಡಿಯಾದವನು, ಎಂಜಿನಿಯರ್ ಬೇರೆ, ಅವನ ಬೈಕೂ ಇಂಡಿಯಾದ್ದು. ಹಾಗಾಗಿ ನನಗೆ ಗೊತ್ತಿರಲೇಬೇಕು ಅನ್ನುವುದು ಅವನ ಲೆಕ್ಕ. ನಾನು ಸಾಫ್ಟ್‌ವೇರ್ ಮಾಡುವವನು ಅಂದರೆ ನಂಬುವುದಿಲ್ಲ. ಏನು ಹೇಳಲಿ?

ಚಾಮರಾಜಪೇಟೆ_ಹುಡುಗ
ಆಫ್ರಿಕಾದಲ್ಲಿ ಕರೆಂಟೇ ಸರಿಯಾಗಿ ಇಲ್ಲ, ಇನ್ನು ಎಲೆಕ್ಟ್ರಿಕ್ ಬೈಕ್! ಡೀಸೆಲ್ ಜನರೇಟರ್ ಹಚ್ಚಿ ಚಾರ್ಜ್ ಮಾಡಿ ಪರಿಸರ ಉಳಿಸುತ್ತಾರಾ? ಬೇಡ ಅನ್ನಿ, ಮುಗೀತು.

ಕಿಗಾಲಿ_ಕನ್ನಡಿಗ
ಗುರು, ಆಫ್ರಿಕಾ ಒಂದು ಊರಲ್ಲ. 54 ದೇಶ ಇವೆ.

ರಾಘು_ನೈರೋಬಿ
ಚಾಮರಾಜಪೇಟೆಯವರೇ, ಕೀನ್ಯಾದ ಕರೆಂಟಿನಲ್ಲಿ ನೂರಕ್ಕೆ ಸುಮಾರು 90 ಭಾಗ ಬರುವುದು ಕಲ್ಲಿದ್ದಲು, ಡೀಸೆಲ್ ಇಲ್ಲದೆ. ಅದರಲ್ಲಿ ಅರ್ಧದ ಹತ್ತಿರ ಭೂಮಿಯೊಳಗಿನ ಹಬೆಯಿಂದ. ನೈವಾಶಾ ಪಕ್ಕ ಓಲ್ಕಾರಿಯಾ ಅಂತ ಜಾಗ, ಇಲ್ಲಿಂದ ನೂರು ಕಿಲೋಮೀಟರಿಗೆ ಹತ್ತಿರ ಹತ್ತಿರ. 1981ರಿಂದ ಅಲ್ಲಿ ಹಬೆಯಲ್ಲಿ ಟರ್ಬೈನ್ ತಿರುಗುತ್ತಿದೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಟ್ಟದ ಸಂದಿಯಲ್ಲಿ ಎಲ್ಲಿ ನೋಡಿದರೂ ಬಿಳೀ ಹೊಗೆ, ಪಕ್ಕದಲ್ಲೇ ಜೀಬ್ರಾ ಮೇಯುತ್ತಿರುತ್ತವೆ.

ಇಲ್ಲಿ ಕರೆಂಟಿಗೆ 'ಸ್ಟಿಮಾ' ಅನ್ನುತ್ತಾರೆ. ಸ್ಟೀಮ್ ಅನ್ನುವ ಪದದಿಂದಲೇ ಬಂದದ್ದಂತೆ. ಕರೆಂಟ್ ಹಬೆಯಿಂದ ಬರುವ ದೇಶಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇದೆಯಾ?

ಚಾಮರಾಜಪೇಟೆ_ಹುಡುಗ
ಸರಿ ಸರ್, ಗೊತ್ತಿರಲಿಲ್ಲ. ಆದರೆ 2023ರಲ್ಲಿ ಇಡೀ ದೇಶಕ್ಕೇ ಕರೆಂಟ್ ಹೋಗಿ ನಿಮ್ಮ ಏರ್‌ಪೋರ್ಟ್ ಕತ್ತಲಾಗಿತ್ತಲ್ಲ? ಅದನ್ನೂ ಹೇಳಿ.

ಲೆಕ್ಕದ_ಲಕ್ಷ್ಮಿ
ಹೌದು, ಆಗಸ್ಟ್‌ನಲ್ಲಿ. ಆ ರಾತ್ರಿ ನಾನು ಇಲ್ಲೇ ನೈರೋಬಿಯಲ್ಲಿದ್ದೆ. ಆದರೆ ಒಂದು ಮಾತು: ಕರೆಂಟ್ ಹೋದರೆ ಪೆಟ್ರೋಲ್ ಬಂಕಿನ ಪಂಪೂ ಓಡುವುದಿಲ್ಲ. ಆ ದಿನ ಬಂಕಿನ ಮುಂದೆಯೂ ಸಾಲು ಇತ್ತು. ತುಂಬಿದ ಬ್ಯಾಟರಿ ಹಾಕಿಕೊಂಡಿದ್ದವನು ಆರಾಮಾಗಿ ಮನೆಗೆ ಹೋದ.

ಕಿಗಾಲಿ_ಕನ್ನಡಿಗ
ರಾಘು ಅವರೇ, ನಾನು ರುವಾಂಡಾದ ಕಿಗಾಲಿಯಲ್ಲಿ ಇದ್ದೇನೆ. ಇಲ್ಲಿ ಬೋಡಾಗೆ 'ಮೋಟೊ' ಅನ್ನುತ್ತೇವೆ. ಆಂಪರ್‌ಸ್ಯಾಂಡ್ ಅನ್ನುವ ಕಂಪನಿ ಬ್ಯಾಟರಿ ಬದಲಾಯಿಸುವ ವ್ಯವಹಾರ ಶುರು ಮಾಡಿದ್ದೇ ಈ ಊರಿನಲ್ಲಿ. ಆಮೇಲೆ ನಿಮ್ಮ ನೈರೋಬಿಗೂ ಬಂತು. ಸ್ಟೇಷನ್ ಮುಂದೆ ನಿಂತು ನೋಡಿ. ಸೀಟಿನ ಕೆಳಗಿಂದ ಪೆಟ್ಟಿಗೆ ತೆಗೆದು ಇನ್ನೊಂದು ಹಾಕಿ ಕಳಿಸುವುದಕ್ಕೆ ಎರಡು ಮೂರು ನಿಮಿಷ. ಚಹಾ ತರಿಸುವಷ್ಟೂ ಹೊತ್ತಾಗುವುದಿಲ್ಲ.

2025ರ ಜನವರಿಯಿಂದ ಕಿಗಾಲಿಯಲ್ಲಿ ಬಾಡಿಗೆಗೆ ಹೊಸದಾಗಿ ನೋಂದಣಿ ಆಗುವ ಮೋಟೊ ಎಲೆಕ್ಟ್ರಿಕ್ ಆಗಿರಲೇಬೇಕು. ಹಳೇ ಪೆಟ್ರೋಲ್ ಗಾಡಿಗಳನ್ನು ಓಡಿಸಬಹುದು. ಸರ್ಕಾರ ಹೀಗೆ ಗೆರೆ ಎಳೆದರೆ ಜನ ತಾವಾಗಿಯೇ ಬದಲಾಗುತ್ತಾರೆ. ನಿಮ್ಮ ಹುಡುಗ ಇವತ್ತಲ್ಲ ನಾಳೆ ತಗೊಳ್ಳಲೇಬೇಕು. ಈಗಲೇ ತಗೊಳ್ಳಲಿ.

ಮಂಗಳೂರು_ಬಸ್ಸು
ಕಿಗಾಲಿಯ ಕಥೆ ಬೇರೆ ಮಾರಾಯ್ರೆ. ಅಲ್ಲಿ ಹಿಂದೆ ಕೂತವನಿಗೂ ಹೆಲ್ಮೆಟ್ಟು, ತಿಂಗಳ ಕೊನೆಯ ಶನಿವಾರ ಊರಿಗೆ ಊರೇ ಬೀದಿ ಗುಡಿಸುತ್ತದೆ. ನೈರೋಬಿಯಲ್ಲಿ ಆಜ್ಞೆ ಹೊರಡಿಸಿದರೆ ಮಾರನೇ ದಿನ ಬೋಡಾದವರೆಲ್ಲ ಸೇರಿ ರಸ್ತೆ ಬಂದ್ ಮಾಡುತ್ತಾರೆ. ನಾನು ಅಲ್ಲಿ ಮೂರು ವರ್ಷ ಇದ್ದೆ.

ಕಿಗಾಲಿ_ಕನ್ನಡಿಗ
ಅದು ನಿಜ. 😄

ಲೆಕ್ಕದ_ಲಕ್ಷ್ಮಿ
ನಾನು ಇಲ್ಲಿ ಸಣ್ಣ ಸಾಲಗಳ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ರಾಘು, ಪರಿಸರದ ಮಾತು ಸ್ವಲ್ಪ ಆಚೆ ಇಡಿ. ಆ ಹುಡುಗನಿಗೆ ಬೇಕಾಗಿರುವುದು ಸಂಜೆ ಕೈಯಲ್ಲಿ ಎಷ್ಟು ಉಳಿಯುತ್ತೆ ಅನ್ನುವ ಉತ್ತರ.

ಈಗ ಅವನ ಖರ್ಚು ಪೆಟ್ರೋಲ್ 540, ಜೊತೆಗೆ ಆಯಿಲ್, ಚೈನು, ಮೆಕ್ಯಾನಿಕ್ಕು. ಕಂತು ಸೊನ್ನೆ. ಈ ಸೊನ್ನೆಯನ್ನು ಎಲ್ಲರೂ ಮರೆಯುತ್ತಾರೆ! ಎಲೆಕ್ಟ್ರಿಕ್ ತಗೊಂಡರೆ ಇಂಧನದ ಖರ್ಚು ಇಳಿಯುತ್ತದೆ, ಖಂಡಿತ. ಆದರೆ ದಿನದ ಕಂತು ಮತ್ತೆ ಶುರು. ಉಳಿದ ದುಡ್ಡೆಲ್ಲ ಕಂತಿಗೇ ಹೋದರೆ ಎರಡು ವರ್ಷ ಅವನಿಗೆ ಏನೂ ಸಿಗುವುದಿಲ್ಲ. ಎರಡು ವರ್ಷ ಆದ ಮೇಲೆ ಅವನ ಕೈಯಲ್ಲಿ ಇರುವುದು ಬ್ಯಾಟರಿ ಇಲ್ಲದ ಬೈಕು. ಅದನ್ನು ಯಾರಿಗೆ ಮಾರುತ್ತಾನೆ? ಬಾಕ್ಸರ್ ಆದರೆ ನಾಳೆ ಬೆಳಿಗ್ಗೆಯೇ ಮಾರಬಹುದು. ಇಲ್ಲಿ ಬಾಕ್ಸರ್ ಅಂದರೆ ಮನೆಯಲ್ಲಿ ಬಂಗಾರ ಇದ್ದ ಹಾಗೆ, ಕಷ್ಟಕ್ಕೆ ಆಗುತ್ತದೆ.

ಹಾಗಾಗಿ ನನ್ನ ಮಾತು: ಸಾಲ ಇನ್ನೂ ಇರುವವನು, ಅಥವಾ ದಿನದ ಬಾಡಿಗೆಗೆ ಬೇರೆಯವರ ಗಾಡಿ ಓಡಿಸುವವನು ಎಲೆಕ್ಟ್ರಿಕ್‌ಗೆ ಹೋದರೆ ಲಾಭ. ಸ್ವಂತ ಗಾಡಿ ಇರುವವನು ಹಳೇದನ್ನು ಕೊಟ್ಟು ಹೋಗಬಾರದು.

ರಾಘು_ನೈರೋಬಿ
ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ನಾನು 540 ಮಾತ್ರ ನೋಡುತ್ತಿದ್ದೆ.

ಹೊಸೂರು_ರೋಡ್
ಲಕ್ಷ್ಮಿ ಅವರ ಲೆಕ್ಕ ಸರಿ, ಆದರೆ ಅರ್ಧ. ಬ್ಯಾಟರಿ ಕಂಪನಿಯದ್ದೇ ಆಗಿರುವುದು ಕೆಟ್ಟದ್ದೇನಲ್ಲ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದೇ, ಹಾಳಾಗುವುದೂ ಅದೇ. ದಿನಕ್ಕೆ 120 ಕಿಲೋಮೀಟರ್ ಓಡುವ ಗಾಡಿಯ ಬ್ಯಾಟರಿ ನಾಲ್ಕು ವರ್ಷಕ್ಕೆ ಸೊರಗಿದರೆ ಆ ನಷ್ಟ ಯಾರ ತಲೆ ಮೇಲೆ? ಸ್ವಾಪ್‌ನಲ್ಲಿ, ಅಂದರೆ ಬ್ಯಾಟರಿ ಬದಲಾಯಿಸಿಕೊಳ್ಳುವುದರಲ್ಲಿ, ಕಂಪನಿಯ ತಲೆ ಮೇಲೆ. ಸ್ವಂತ ಬ್ಯಾಟರಿ ಆದರೆ ಹುಡುಗನ ತಲೆ ಮೇಲೆ.

ಇನ್ನೊಂದು ದಾರಿಯೂ ಇದೆ. ರೋಮ್ ಅನ್ನುವ ಕಂಪನಿ ನೈರೋಬಿಯಲ್ಲೇ ಬೈಕ್ ಜೋಡಿಸುತ್ತದೆ. ಅದರ ಬ್ಯಾಟರಿಯನ್ನು ಕೊಂಡುಕೊಳ್ಳಬಹುದು, ತೆಗೆದು ಮನೆಯ ಪ್ಲಗ್ಗಿಗೂ ಹಾಕಬಹುದು. ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ಕೀನ್ಯಾ 2023ರಲ್ಲಿ ಬೇರೆ ದರ ತಂದಿದೆ: ಯೂನಿಟ್ಟಿಗೆ 16 ಶಿಲ್ಲಿಂಗ್, ಬೇಡಿಕೆ ಇಳಿದ ಹೊತ್ತಿನಲ್ಲಿ 8. ಮೂರೂವರೆ ನಾಲ್ಕು ಯೂನಿಟ್ಟಿಗೆ ನೂರು ಕಿಲೋಮೀಟರ್ ಅಂತ ಹಿಡಿಯಿರಿ. ಪೆಟ್ರೋಲಿನ 540 ಎಲ್ಲಿ, ಇದು ಎಲ್ಲಿ!

ಲೆಕ್ಕದ_ಲಕ್ಷ್ಮಿ
ಆ 8 ಶಿಲ್ಲಿಂಗ್ ದರಕ್ಕೆ ಬೇರೆ ಮೀಟರ್ ಬೇಕು. ಬೋಡಾ ಹುಡುಗರು ಇರುವುದು ಕಾಂಗೆಮಿ, ಮಥಾರೆ ಕಡೆ ಒಂಟಿ ಕೋಣೆಯಲ್ಲಿ, ಮೂರನೇ ಮಹಡಿಯಲ್ಲಿ. ಮೀಟರ್ ಮನೆ ಮಾಲೀಕನದು. ರಾತ್ರಿ ಆ ಭಾರದ ಬ್ಯಾಟರಿ ಹೊತ್ತು ಮೆಟ್ಟಿಲು ಹತ್ತಿದರೆ ಮಾಲೀಕ ಸುಮ್ನೆ ಬಿಡುತ್ತಾನಾ? 8 ಶಿಲ್ಲಿಂಗ್ ಸಿಗುವುದು ಕಂಪನಿಗೆ. ಹುಡುಗನಿಗೆ ಸಿಗುವುದು ಕಂಪನಿ ಹೇಳಿದ ರೇಟು.

ಹೊಸೂರು_ರೋಡ್
ಒಪ್ಪಿದೆ. ಅದಕ್ಕೇ ಅವನು ಕೇಳಬೇಕಾದ ಪ್ರಶ್ನೆ: ಅರ್ಧ ಖಾಲಿ ಬ್ಯಾಟರಿ ಕೊಟ್ಟರೆ ಪೂರ್ತಿ ದುಡ್ಡು ತಗೊಳ್ಳುತ್ತೀರಾ, ಬಳಸಿದಷ್ಟಕ್ಕೆ ಮಾತ್ರವಾ? ಎರಡೂ ಬಗೆಯವರು ಇದ್ದಾರೆ. ಒಂದು ಕಂಪನಿಯ ಬ್ಯಾಟರಿ ಇನ್ನೊಂದು ಕಂಪನಿಯ ಬೈಕಿಗೆ ಕೂರುವುದಿಲ್ಲ ಅನ್ನುವುದನ್ನೂ ಹೇಳಿ. ಪೆಟ್ರೋಲ್ ಆದರೆ ಯಾವ ಬಂಕಾದರೂ ಸರಿ.

ಮಂಗಳೂರು_ಬಸ್ಸು
ಕಂತು ಒಂದು ದಿನ ತಪ್ಪಿದರೆ ಗಾಡಿ ಆಫೀಸಿನಿಂದಲೇ ಲಾಕ್ ಆಗುತ್ತದೆ, ಅದೂ ಗೊತ್ತಿರಲಿ. ನನಗೆ ಪರಿಚಯದ ಒಬ್ಬನಿಗೆ ಮಗುವನ್ನು ಆಸ್ಪತ್ರೆಗೆ ಸೇರಿಸಿದ ವಾರ ಹೀಗೇ ಆಯಿತು. ಕಂಪನಿ ಹೆಸರು ಬೇಡ. ಎರಡು ದಿನ ಗಾಡಿ ಹೊರಡಲಿಲ್ಲ. ಗಾಡಿ ಹೊರಡದಿದ್ದರೆ ಕಂತು ಕಟ್ಟುವುದು ಹೇಗೆ? ಮೀನುಗಾರನ ಬಲೆ ಕಿತ್ತುಕೊಂಡು ಮೀನು ತಾ ಅಂದ ಹಾಗೆ.

ಅಡಿಸ್_ಮೇಷ್ಟ್ರು
ನಾನು ಇಥಿಯೋಪಿಯಾದಲ್ಲಿ ಒಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇಲ್ಲಿನ ಸರ್ಕಾರ ಇನ್ನೂ ದೊಡ್ಡ ಗೆರೆ ಎಳೆಯಿತು. 2024ರ ಶುರುವಿನಲ್ಲಿ ಪೆಟ್ರೋಲ್, ಡೀಸೆಲ್ ಕಾರು ಆಮದನ್ನೇ ನಿಲ್ಲಿಸಿತು. ಪರಿಸರದ ಪ್ರೀತಿ ಅಂದುಕೊಳ್ಳಬೇಡಿ. ಪೆಟ್ರೋಲ್ ತರಿಸಲು ಡಾಲರ್ ಇರಲಿಲ್ಲ. ಡಾಲರ್ ಇಲ್ಲ, ಆದರೆ ನದಿ ಇದೆ. ನೀಲಿ ನೈಲ್ ಮೇಲಿನ ದೊಡ್ಡ ಅಣೆಕಟ್ಟು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯಿತು, 5,000 ಮೆಗಾವ್ಯಾಟ್‌ಗಿಂತ ಜಾಸ್ತಿ. ನಮ್ಮ ಶರಾವತಿಯ ಲಿಂಗನಮಕ್ಕಿ ನೋಡಿ ಬೆಳೆದ ನನಗೇ ಆ ಸಂಖ್ಯೆ ಕೇಳಿ ತಲೆ ತಿರುಗಿತು.

ಕಾರುಗಳೇನೋ ಬಂದವು. ಚೀನಾದವು ಬೀದಿ ತುಂಬ ಇವೆ. ಕೆಟ್ಟರೆ ರಿಪೇರಿಗೆ ಮೆಕ್ಯಾನಿಕ್ ಹುಡುಕುವುದು ಕಷ್ಟ, ಸ್ಪೇರ್ ಪಾರ್ಟ್ ಇನ್ನೂ ಕಷ್ಟ. ಇದರ ಪಾಠ ಇಲ್ಲಿನ ಅಡಿಸ್ ಅಬಾಬಾದ ಲೈಟ್ ರೈಲೇ ಕಲಿಸಬೇಕಿತ್ತು. 2015ರಲ್ಲಿ ಶುರುವಾದಾಗ ಎಲ್ಲರೂ ಹೊಗಳಿದರು. ಕೆಲವೇ ವರ್ಷದಲ್ಲಿ ಬಿಡಿ ಭಾಗ ಸಿಗದೆ ಎಷ್ಟೋ ಬೋಗಿಗಳು ಡಿಪೋದಲ್ಲೇ ನಿಂತವು. ರಾಘು, ಆ ಹುಡುಗನಿಗೆ ಮೊದಲು ಇದನ್ನೇ ಕೇಳಲು ಹೇಳಿ: ಕಂಟ್ರೋಲರ್ (ಮೋಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಭಾಗ) ಸುಟ್ಟರೆ ಯಾರು ಮಾಡಿಕೊಡುತ್ತಾರೆ, ಎಷ್ಟು ದಿನಕ್ಕೆ?

ಚಾಮರಾಜಪೇಟೆ_ಹುಡುಗ
ಮೇಷ್ಟ್ರೇ, ಕೀನ್ಯಾದಲ್ಲೂ ಚೀನಾದವರು ಕಟ್ಟಿದ ಹೊಸ ರೈಲು ಇದೆಯಲ್ಲ, ಅದು ಎಲೆಕ್ಟ್ರಿಕ್ಕಾ?

ಅಡಿಸ್_ಮೇಷ್ಟ್ರು
ಇಲ್ಲ. ನೈರೋಬಿ–ಮೊಂಬಾಸಾ ರೈಲು 2017ರದ್ದು, ಡೀಸೆಲ್. ನಮ್ಮ ಅಡಿಸ್–ಜಿಬೂಟಿ ರೈಲು ಎಲೆಕ್ಟ್ರಿಕ್. ಹಬೆಯ ಕರೆಂಟ್ ಇಟ್ಟುಕೊಂಡು ಡೀಸೆಲ್ ರೈಲು ಓಡಿಸುವುದು ಅಂದರೆ ಏನು ಹೇಳೋಣ?

ರಾಘು_ನೈರೋಬಿ
ಮೇಷ್ಟ್ರೇ, ನೈರೋಬಿ ಹುಟ್ಟಿದ್ದೇ 1899ರಲ್ಲಿ ರೈಲ್ವೆ ಡಿಪೋ ಆಗಿ. ಈಗ ಆಫೀಸಿಗೆ ಹೋಗೋಕೆ ರೈಲು ಹಿಡಿಯೋಣ ಅಂದರೆ ಹೊತ್ತಿಗೆ ಸರಿಯಾಗಿ ಸಿಗುವುದು ಬೆರಳೆಣಿಕೆ.

ಮಂಗಳೂರು_ಬಸ್ಸು
ಬೈಕ್ ಬೈಕ್ ಅಂತ ಎಲ್ಲರೂ ಬೈಕಿನ ಹಿಂದೆಯೇ ಬಿದ್ದಿದ್ದೀರಿ. ಊರನ್ನು ಹೊತ್ತು ಓಡುವುದು ಮಟಾಟು, ಅಂದರೆ ಅಲ್ಲಿನ ಖಾಸಗಿ ಮಿನಿಬಸ್ಸು. ಹಿಂದೆ ಮೂರು ಹತ್ತು ಸೆಂಟಿನ ನಾಣ್ಯ ಕೊಟ್ಟರೆ ಹತ್ತಿಸಿಕೊಳ್ಳುತ್ತಿದ್ದರಂತೆ, 'ಮೂರು' ಅನ್ನುವುದಕ್ಕೆ ಮಟಾಟು, ಅದೇ ಹೆಸರು ಉಳಿಯಿತು. ಮೈತುಂಬ ಬಣ್ಣ, ಒಳಗೆ ಎದೆ ನಡುಗುವ ಹಾಡು, ಬಾಗಿಲಲ್ಲಿ ನೇತಾಡುವ ಕಂಡಕ್ಟರು. ಮೊದಲ ದಿನ ನೋಡಿದಾಗ ನನಗೆ ಹಂಪನಕಟ್ಟೆ ನೆನಪಾಗಿ ಕಣ್ಣಲ್ಲಿ ನೀರು ಬಂತು ಮಾರಾಯ್ರೆ. ನಮ್ಮ ಮಂಗಳೂರಿನ ಖಾಸಗಿ ಸಿಟಿ ಬಸ್ಸಿನ ಅಣ್ಣತಮ್ಮ! ಅದೇ ಟೈಮಿಂಗ್ ಜಗಳ, ಅದೇ ಹಾರ್ನು.

ಆ ಮಟಾಟುಗಳನ್ನು ಕರೆಂಟಿಗೆ ತಂದರೆ ಸಾವಿರ ಬೈಕಿಗಿಂತ ಮೇಲು.

ಲೆಕ್ಕದ_ಲಕ್ಷ್ಮಿ
ಬರುತ್ತಿವೆ. ಬೇಸಿಗೊ ಕಂಪನಿಯ ಎಲೆಕ್ಟ್ರಿಕ್ ಬಸ್ಸು 2022ರಿಂದ ಓಡುತ್ತಿದೆ, ಮೊದಲು ಬಂದವು 25 ಸೀಟಿನವು. ಅದರ ಲೆಕ್ಕ ಸ್ವಾರಸ್ಯವಾಗಿದೆ. ಮಾಲೀಕ ಬ್ಯಾಟರಿ ಬಿಟ್ಟು ಬರೀ ಬಸ್ ಕೊಳ್ಳುತ್ತಾನೆ. ಬ್ಯಾಟರಿ, ಚಾರ್ಜಿಂಗ್, ಸರ್ವಿಸ್ ಎಲ್ಲಕ್ಕೂ ಸೇರಿಸಿ ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಕಂಪನಿಗೆ ಕಟ್ಟುತ್ತಾನೆ. ಬೆಂಗಳೂರಿನಲ್ಲಿ ಇದು ತಿರುಗಾಮುರುಗಾ: ಬಸ್ಸು, ಡ್ರೈವರು ಕಂಪನಿಯದು, ಬಿಎಂಟಿಸಿಯೇ ಕಿಲೋಮೀಟರಿಗೆ ಇಷ್ಟು ಅಂತ ಕಂಪನಿಗೆ ಕೊಡುತ್ತದೆ. ಜನ ಹತ್ತದಿದ್ದರೆ ಬೆಂಗಳೂರಿನಲ್ಲಿ ನಷ್ಟ ಸರ್ಕಾರಕ್ಕೆ. ನೈರೋಬಿಯಲ್ಲಿ ನಷ್ಟ ಮಾಲೀಕನಿಗೆ. ಮಾಲೀಕ ಅಂದರೆ ಎಷ್ಟೋ ಸಲ ಒಬ್ಬ ನಿವೃತ್ತ ಮೇಷ್ಟ್ರು, ಪಿಂಚಣಿ ದುಡ್ಡು ಹಾಕಿರುತ್ತಾರೆ.

ಅಡಿಸ್_ಮೇಷ್ಟ್ರು
ಮೇಷ್ಟ್ರುಗಳನ್ನು ಯಾಕೆ ಎಳೆಯುತ್ತೀರಿ ತಾಯಿ.

ಚಾಮರಾಜಪೇಟೆ_ಹುಡುಗ
😂😂

ಹೊಸೂರು_ರೋಡ್
ಮಟಾಟುವಿನ ಹಾಡು ಬ್ಯಾಟರಿಯನ್ನು ಎಷ್ಟು ತಿನ್ನುತ್ತದೋ! ಆ ಸ್ಪೀಕರ್‌ಗಳನ್ನು ನೋಡಿದ್ದೇನೆ, ಮಾರಿಗುಡಿ ಜಾತ್ರೆಗೆ ಸಾಕು.

ನಡೆದಾಡುವವಳು
ಇಷ್ಟು ಹೊತ್ತು ಓದಿದೆ. ಒಬ್ಬರೂ ಕಾಲಿನ ಬಗ್ಗೆ ಮಾತಾಡಲಿಲ್ಲ. ನೈರೋಬಿಯಲ್ಲಿ ನೂರಕ್ಕೆ ಸುಮಾರು 40 ಓಡಾಟ ನಡಿಗೆಯಲ್ಲೇ. ಖುಷಿಗೆ ನಡೆಯುವುದಲ್ಲ, ಮಟಾಟುವಿಗೆ ದುಡ್ಡಿಲ್ಲದೆ ನಡೆಯುವುದು. ಬೆಳಿಗ್ಗೆ ಆರಕ್ಕೆ ಕಿಬೇರಾದಿಂದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುವ ಸಾಲು ನೋಡಿ. ಮಳೆ ಬಂದರೆ ಶೂ ಕೈಯಲ್ಲಿ ಹಿಡಿದು, ಕೆಸರಿನಲ್ಲಿ ನಡೆದು, ಗೇಟಿನ ಹತ್ತಿರ ಕಾಲು ತೊಳೆದು ಒಳಗೆ ಹೋಗುತ್ತಾರೆ.

ನಗರದ ಕೌಂಟಿ ಆಡಳಿತ 2015ರಲ್ಲೇ ನೀತಿ ಮಾಡಿತ್ತು, ಸಾರಿಗೆ ಬಜೆಟ್ಟಿನ ನೂರಕ್ಕೆ 20 ಭಾಗ ನಡೆಯುವವರಿಗೆ, ಸೈಕಲ್‌ನವರಿಗೆ ಅಂತ. ಆಮೇಲೆ ಬಂದದ್ದೇನು? 2022ರಲ್ಲಿ 27 ಕಿಲೋಮೀಟರಿನ ಟೋಲ್ ಎಕ್ಸ್‌ಪ್ರೆಸ್‌ವೇ. ಕಾರಿನವನು ಏರ್‌ಪೋರ್ಟಿನಿಂದ ವೆಸ್ಟ್‌ಲ್ಯಾಂಡ್ಸ್‌ಗೆ ಹಾರುತ್ತಾನೆ. ಕೆಳಗೆ ನಡೆಯುವವನು ಕಂಬ ಸುತ್ತಿ, ಚರಂಡಿ ಹಾರಿ ರಸ್ತೆ ದಾಟುತ್ತಾನೆ.

ಕರೆಂಟ್ ಕಾರಿನ ಟ್ರಾಫಿಕ್ ಜಾಮೂ ಜಾಮೇ ಅಲ್ವಾ?

ರಾಘು_ನೈರೋಬಿ
ಬೆನ್ನಿಗೆ ಸರಿಯಾಗಿ ಬಿತ್ತು. ನಾನೂ ಆ ಟೋಲ್ ಕಟ್ಟಿ ಹಾರುವವನೇ.

ಕಿಗಾಲಿ_ಕನ್ನಡಿಗ
ಕಿಗಾಲಿಯಲ್ಲಿ ತಿಂಗಳಿಗೆ ಎರಡು ಭಾನುವಾರ ದೊಡ್ಡ ರಸ್ತೆಗಳನ್ನು ಕಾರಿಗೆ ಮುಚ್ಚುತ್ತಾರೆ. ಜನ ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ.

ನಡೆದಾಡುವವಳು
ಭಾನುವಾರ ಸರಿ. ನಾನು ಹೇಳುತ್ತಿರುವುದು ಸೋಮವಾರದ ಬಗ್ಗೆ.

ಚಾಮರಾಜಪೇಟೆ_ಹುಡುಗ
ಈ ಎಕ್ಸ್‌ಪ್ರೆಸ್‌ವೇಗೆ ಮರ ಕಡಿದರು ಅಂತ ಗಲಾಟೆ ಆಗಿತ್ತಲ್ಲ? ನಮ್ಮ ಸ್ಟೀಲ್ ಫ್ಲೈಓವರ್ ಥರ.

ನಡೆದಾಡುವವಳು
ಹೌದು. ವಯ್ಯಾಕಿ ವೇ ರಸ್ತೆಯಲ್ಲಿ ನೂರು ವರ್ಷದ ಒಂದು ಅತ್ತಿ ಜಾತಿಯ ಮರ. ಇಲ್ಲಿನ ಕಿಕುಯು ಜನಕ್ಕೆ ಅದು ದೇವರ ಮರ, ನಮ್ಮ ಅರಳಿಕಟ್ಟೆಯ ಹಾಗೆ. ಜನ ಗಲಾಟೆ ಮಾಡಿ, 2020ರ ನವೆಂಬರ್‌ನಲ್ಲಿ ಅಧ್ಯಕ್ಷರೇ ಆದೇಶ ಹೊರಡಿಸಿ ಉಳಿಸಿದರು. ಆ ಒಂದು ಮರ ಉಳಿಯಿತು. ಸುತ್ತಲಿನವು ಹೋದವು.

ಮಾಡರೇಟರ್
ಮರದ ಮಾತಿಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು. ಇಲ್ಲಿ ಹುಡುಗನ ಬೈಕು ಬಾಕಿ ಇದೆ.

ಹೊಸೂರು_ರೋಡ್
ರಾಘು, ಆ ಹುಡುಗನ ಊರು ಯಾವುದು? ಕ್ರಿಸ್‌ಮಸ್‌ಗೆ ಬೈಕಿನಲ್ಲೇ ಊರಿಗೆ ಹೋಗುತ್ತಾನಾ?

ರಾಘು_ನೈರೋಬಿ
ಮಚಾಕೋಸ್ ಆಚೆ. ಹೌದು, ಬೈಕಿನಲ್ಲೇ. ಹೆಂಡತಿ, ಮಗು, ಒಂದು ಮೂಟೆ, ಎಲ್ಲ ಅದರ ಮೇಲೇ. ಅವನ ಕಂಪನಿಯ ಸ್ಟೇಷನ್ ಆ ಕಡೆ ಇಲ್ಲ ಅಂತ ಈಗಷ್ಟೇ ಕೇಳಿ ತಿಳಿದುಕೊಂಡೆ.

ಲೆಕ್ಕದ_ಲಕ್ಷ್ಮಿ
ನೋಡಿದಿರಾ. ಊರಿಗೆ ಹೋಗಲು ಆಗದ ಗಾಡಿ ಗಂಡಸಿಗೆ ಮರ್ಯಾದೆ ಪ್ರಶ್ನೆ ಇಲ್ಲಿ. ಯಾವ ಕಂಪನಿಯ ಕರಪತ್ರದಲ್ಲೂ ಅದು ಇರುವುದಿಲ್ಲ.

ರಾಘು_ನೈರೋಬಿ (ಮೂರು ದಿನ ಬಿಟ್ಟು)
ಸುದ್ದಿ ಹೇಳುತ್ತೇನೆ. ನಿಮ್ಮೆಲ್ಲರ ಪ್ರಶ್ನೆ ಒಂದು ಚೀಟಿಯಲ್ಲಿ ಬರೆದು ಅವನಿಗೆ ಕೊಟ್ಟೆ. ಓದಿ ನಕ್ಕ. ಆಮೇಲೆ ನಾವು ಯಾರೂ ಕೇಳದ ಪ್ರಶ್ನೆ ಅವನೇ ಕೇಳಿದ: "ಮಳೆ ಬಂದ ಸಂಜೆ ಎಲ್ಲರಿಗೂ ಗಿರಾಕಿ ಜಾಸ್ತಿ. ಎಲ್ಲರ ಬ್ಯಾಟರಿಯೂ ಒಟ್ಟಿಗೇ ಖಾಲಿ. ಆಗ ಆ ಎರಡು ನಿಮಿಷ ಎಷ್ಟು ನಿಮಿಷ ಆಗುತ್ತೆ?"

ಇಬ್ಬರೂ ನಿನ್ನೆ ಸಂಜೆ ಆರು ಗಂಟೆಗೆ ಸ್ವಾಪ್ ಸ್ಟೇಷನ್ ಮುಂದೆ ಹೋಗಿ ನಿಂತೆವು. ಅದೃಷ್ಟಕ್ಕೆ ಮಳೆಯೂ ಬಂತು. ಅವನು ಮೊಬೈಲಿನಲ್ಲಿ ಟೈಮ್ ಹಿಡಿದ. ಮೊದಲ ಐದು ಜನ ಬೇಗ ಬೇಗ ಹೋದರು. ಆರನೆಯವನ ಹೊತ್ತಿಗೆ ತುಂಬಿದ ಬ್ಯಾಟರಿ ಮುಗಿದಿತ್ತು. ಅವನು 35 ನಿಮಿಷ ಕಾದ. ಕಾಯುತ್ತಿದ್ದವನನ್ನೇ ನಮ್ಮ ಹುಡುಗ ಮಾತಾಡಿಸಿದ. ಅವನು ಮೊದಲು ಬಾಡಿಗೆ ಗಾಡಿ ಓಡಿಸುತ್ತಿದ್ದವನು. "ಕಾದರೂ ಪರವಾಗಿಲ್ಲ, ದಿನದ ಕೊನೆಗೆ ಇನ್ನೂರು ಜಾಸ್ತಿ ಉಳಿಯುತ್ತೆ" ಅಂದ. ಅಕ್ಕ, ನಿಮ್ಮ ಮಾತು ಅಕ್ಷರಕ್ಕೆ ಅಕ್ಷರ ಸರಿ.

ಈಗ ನಮ್ಮ ಹುಡುಗನ ತೀರ್ಮಾನ: ಬಾಕ್ಸರ್ ಕೊಡುವುದಿಲ್ಲ. ಊರಿನಿಂದ ತಮ್ಮ ಬರುತ್ತಾನೆ, ಅವನ ಹೆಸರಿಗೆ ಎಲೆಕ್ಟ್ರಿಕ್. ತಮ್ಮ ಪಟ್ಟಣದೊಳಗೆ ಮಾತ್ರ ಓಡಿಸುತ್ತಾನೆ. ಕ್ರಿಸ್‌ಮಸ್‌ಗೆ ಇಬ್ಬರೂ ಬಾಕ್ಸರ್‌ನಲ್ಲಿ ಊರಿಗೆ.

ಹೊಸೂರು_ರೋಡ್
ಇಬ್ಬರೂ, ಹೆಂಡತಿ, ಮಗು, ಮೂಟೆ? ಒಂದೇ ಬಾಕ್ಸರ್?

ರಾಘು_ನೈರೋಬಿ
ನಾನೂ ಕೇಳಿದೆ. "ಇಂಡಿಯಾದ ಗಾಡಿ, ತಡೆಯುತ್ತೆ" ಅಂದ.

ಅಡಿಸ್_ಮೇಷ್ಟ್ರು
ತಮ್ಮನಿಗೆ ಕಂಟ್ರೋಲರ್ ಪ್ರಶ್ನೆ ಕೇಳಲು ಹೇಳಿದಿರಾ?

ರಾಘು_ನೈರೋಬಿ
ಹೇಳಿದೆ ಮೇಷ್ಟ್ರೇ. ಕಂಪನಿಯವನು ಮೂರು ದಿನದಲ್ಲಿ ಮಾಡಿಕೊಡುತ್ತೇವೆ, ಅಲ್ಲಿಯವರೆಗೆ ಬೇರೆ ಗಾಡಿ ಕೊಡುತ್ತೇವೆ ಅಂದ. ಬರೆದು ಕೊಡಿ ಅಂದೆವು. ಸೋಮವಾರ ಬನ್ನಿ ಅಂದಿದ್ದಾನೆ.

ಮಂಗಳೂರು_ಬಸ್ಸು
ಸೋಮವಾರ ಏನಾಯಿತು ಅಂತ ಬರೆಯಿರಿ ಮಾರಾಯ್ರೆ. ಅಂದಹಾಗೆ ಪಾರ್ಕ್‌ಲ್ಯಾಂಡ್ಸ್ ಕಡೆ ರಾಗಿ ಹಿಟ್ಟು ಎಲ್ಲಿ ಒಳ್ಳೆಯದು ಸಿಗುತ್ತದೆ? ಬರುವ ತಿಂಗಳು ಬರುತ್ತಿದ್ದೇನೆ.

ಲೆಕ್ಕದ_ಲಕ್ಷ್ಮಿ
ಯಾವ ಅಂಗಡಿಗಾದರೂ ಹೋಗಿ 'ವಿಂಬಿ' ಅನ್ನಿ, ಕೊಡುತ್ತಾರೆ. ರಾಗಿ ಈ ಕಡೆಯಿಂದಲೇ ನಮ್ಮೂರಿಗೆ ಬಂದದ್ದು. ಗಂಜಿಗೆ ಅಂತ ನುಣ್ಣಗೆ ಬೀಸಿರುತ್ತಾರೆ, ಮುದ್ದೆಗೆ ಸ್ವಲ್ಪ ತರಿ ಇರುವುದನ್ನು ಕೇಳಿ ತಗೊಳ್ಳಿ.